ರತಿಯ ಮದುವೆ ಬಿಟ್ಟ ನಾಟಕ

ಸುಳ್ಯ, ಪುತ್ತೂರು, ಕಡಬದ ಒಳದಾರಿಗಳಲ್ಲಿ ಹೋಗುವಾಗ ಅಡಿಕೆ ತೋಟ ಮುಗಿದು ಒಮ್ಮೆಲೇ ರಬ್ಬರ್ ಶುರುವಾಗುವ ತಿರುವುಗಳಿವೆ. ಅವುಗಳಲ್ಲಿ ಬಹಳಷ್ಟು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳು. ನಡುವೆ ಒಂದಕ್ಕೊಂದು ಆತುಕೊಂಡ ಸಾಲುಮನೆಗಳು, ಮಾರಿಯಮ್ಮನ ಗುಡಿ, ಒಂದು ಸಣ್ಣ ಅಂಗಡಿ. ಸಿ.ಆರ್.ಸಿ. ಕಾಲನಿ ಎಂದು ಕೆಲವರು, ಸಿಲೋನ್ ಕಾಲನಿ ಎಂದು ಹಳಬರು ಕರೆಯುತ್ತಾರೆ. ಶ್ರೀಲಂಕಾದ ಎಸ್ಟೇಟುಗಳಿಂದ ಬಂದ ತಮಿಳು ಕುಟುಂಬಗಳು ಇಲ್ಲಿ ನೆಲೆಯೂರಿ ಅರ್ಧ ಶತಮಾನ ಆಗುತ್ತ ಬಂತು. ಅಂಥ ಒಂದು ಕಾಲನಿಯ ಜನರ ಕಥೆಯನ್ನು ಅವರಿಂದಲೇ ನಾಟಕವಾಗಿ ಆಡಿಸಬೇಕೆಂದು ಹೊರಟು ನಾನು ಸೋತೆ. ನಾಟಕ ನಿಂತುಹೋದದ್ದು ದೊಡ್ಡ ಮಾತಲ್ಲ. ನನ್ನನ್ನು ನಂಬಿದ ಒಬ್ಬ ಹುಡುಗ ತನ್ನ ಹಿರಿಯರೆದುರು ತಲೆ ತಗ್ಗಿಸಿ ನಿಲ್ಲುವಂತಾಯಿತು. ಅದು ನನ್ನಿಂದಾದ ಅನ್ಯಾಯ. ಹೊರಗಿನಿಂದ ಬಂದು ನೆಲೆಸಿದವರ ಹಾಡು-ಕುಣಿತಗಳನ್ನು ಬೆಳಕಿಗೆ ತರಬೇಕೆಂಬ ಹುಮ್ಮಸ್ಸಿನ ಮೇಷ್ಟ್ರುಗಳು, ಸಂಘಟಕರು, ಬರಹಗಾರರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಇವರು ಬಂದ ದಾರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಸಿಲೋನಿನ ಗುಡ್ಡಗಳಲ್ಲಿ ಮೊದಲು ಕಾಫಿ, ಆಮೇಲೆ ಚಹಾ ಬೆಳೆಸಲು ತಮಿಳುನಾಡಿನ ಬಡ ಜಿಲ್ಲೆಗಳಿಂದ ಕೂಲಿಯವರನ್ನು ಕರೆದೊಯ್ದರು. ತಲೆಮಾರುಗಳು ಅಲ್ಲೇ ಹುಟ್ಟಿದವು, ಅಲ್ಲೇ ಮಣ್ಣಾದವು. 1948ರಲ್ಲಿ ಸ್ವತಂತ್ರ ಸಿಲೋನಿನ ಪೌರತ್ವ ಕಾಯಿದೆ ಬಂದಾಗ ಇವರಲ್ಲಿ ಹೆಚ್ಚಿನವರು ಯಾವ ದೇಶದವರೂ ಅಲ್ಲದಂತಾದರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು. ಸುಮಾರು 9,75,000 ಜನರ ಪೈಕಿ 5,25,000 ಮಂದಿಯನ್ನು ಭಾರತ, 3,00,000 ಮಂದಿಯನ್ನು ಸಿಲೋನ್ ಒಪ್ಪಿಕೊಳ್ಳುವುದೆಂದಾಯಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಅರ್ಧರ್ಧ ಹಂಚಿಕೊಂಡರು. ಕಾಗದಪತ್ರ ಕೈಗೆ ಬಂದವರು ರೈಲಿನಲ್ಲಿ ತಲೈಮನ್ನಾರಿಗೆ ಇಳಿದು, ಅಲ್ಲಿಂದ ಹಡಗಿನಲ್ಲಿ ರಾಮೇಶ್ವರಕ್ಕೆ, ಮತ್ತೆ ಮಂಡಪಂ ಶಿಬಿರಕ್ಕೆ ಬಂದರು. ಹೀಗೆ ಬಂದ ಕುಟುಂಬಗಳಲ್ಲಿ ಕೆಲವನ್ನು ಕರ್ನಾಟಕ 1970ರ ದಶಕದಲ್ಲಿ ದಕ್ಷಿಣ ಕನ್ನಡದ ರಬ್ಬರ್ ತೋಟಗಳಿಗೆ ಕರೆತಂದಿತು. ಚಹಾದ ಎಳೆಕುಡಿ ಕೀಳುತ್ತಿದ್ದ ಕೈಗಳು ಇಲ್ಲಿ ಟ್ಯಾಪಿಂಗ್ ಕತ್ತಿ ಹಿಡಿದವು.

ನಾನು ಹೈಸ್ಕೂಲಿನ ಕನ್ನಡ ಮಾಸ್ಟ್ರು. ಶಾಲಾ ವಾರ್ಷಿಕೋತ್ಸವಗಳಿಗೆ ನಾಟಕ ಬರೆದು ಆಡಿಸುವುದು ನನ್ನ ಬಹುಕಾಲದ ಹವ್ಯಾಸ. ಕಾಲನಿಯ ಹುಡುಗನೊಬ್ಬ ನನ್ನ ವಿದ್ಯಾರ್ಥಿಯಾಗಿದ್ದ. ಓದು ಮುಗಿಸಿ ಅಪ್ಪನ ಜೊತೆ ಟ್ಯಾಪಿಂಗಿಗೆ ಹೋಗುತ್ತಿದ್ದ, ಮಧ್ಯಾಹ್ನದ ಮೇಲೆ ಪೇಟೆಯಲ್ಲಿ ರಿಕ್ಷಾ ಓಡಿಸುತ್ತಿದ್ದ. ತಾಲೂಕಿನ ಒಂದು ಸಾಂಸ್ಕೃತಿಕ ಉತ್ಸವಕ್ಕೆ ಹೊಸತೇನಾದರೂ ಕೊಡಿ ಎಂದು ಸಂಘಟಕರು ಕೇಳಿದಾಗ ನನಗೆ ಹೊಳೆದದ್ದು ಅವನ ಕಾಲನಿ. ಹಡಗು, ಸಮುದ್ರ, ಕಳೆದುಹೋದ ಊರು, ಎರಡು ದೇಶಗಳ ನಡುವೆ ಹರಿದ ಬದುಕು: ಒಬ್ಬ ಹಿರಿಯರನ್ನೂ ಮಾತನಾಡಿಸುವ ಮೊದಲೇ ನಾಟಕದ ಹೆಸರು, ಕೊನೆಯ ದೃಶ್ಯ ಎರಡೂ ನನ್ನ ತಲೆಯಲ್ಲಿ ಸಿದ್ಧವಾಗಿದ್ದವು. ಇಲ್ಲೇ ನಾನು ಎಡವಿದ್ದು. ಮುಂದೆ ಆದದ್ದಕ್ಕೆಲ್ಲ ಇದೇ ಮೂಲ.

ಅವನ ಜೊತೆ ಕಾಲನಿಗೆ ಹೋಗಿ ಕೇಳತೊಡಗಿದೆ. ನನ್ನ ಪ್ರಶ್ನೆಗಳೆಲ್ಲ ಒಂದೇ ದಿಕ್ಕಿನವು. ಹಡಗು ಹತ್ತುವಾಗ ಏನನ್ನಿಸಿತು? ಬಿಟ್ಟು ಬಂದ ಮನೆ ನೆನಪಾಗುತ್ತದೆಯೇ? ಅಳು ಬಂತೇ? ಕಾಲನಿಯ ಮಕ್ಕಳೆಲ್ಲ ಪಾಟಿ ಎಂದು ಕರೆಯುವ ಹಿರಿಯ ಹೆಂಗಸೊಬ್ಬರು ಹಾಡು ಕಟ್ಟುವುದರಲ್ಲಿ ಹೆಸರಾದವರು. ಹಡಗಿನ ಮೇಲೆ ಹಾಡಿದೆಯೇ ಎಂದೆ. ಇಲ್ಲ ಎಂದರು. ಆ ಹಡಗಿನಲ್ಲಿ ತಮಗೆ ವಾಂತಿಯೇ ಆಗುತ್ತಿತ್ತು, ಹಾಡು ಎಲ್ಲಿಂದ ಬರಬೇಕು ಎಂದು ಕೇಳಿದರು. ಆಮೇಲೆ ತಾವಾಗಿಯೇ ಮೊಮ್ಮಗಳ ತೊಟ್ಟಿಲಿಗೆ ಕಟ್ಟಿದ ತಾಲಾಟ್ಟು ಹಾಡತೊಡಗಿದರು. ತಮಿಳಿನ ಜೋಗುಳ ಅದು. ಅದರಲ್ಲಿ ಪಯಸ್ವಿನಿ ಬರುತ್ತಿತ್ತು, ಸುಬ್ರಹ್ಮಣ್ಯದ ಷಷ್ಠಿ ಜಾತ್ರೆಯಿಂದ ಸೋದರಮಾವ ತರುವ ಬಳೆ ಬರುತ್ತಿತ್ತು, ಮಳೆ ಹಿಡಿದು ಟ್ಯಾಪಿಂಗ್ ಇಲ್ಲದ ದಿನ ಅಮ್ಮ ಮನೆಯಲ್ಲೇ ಇರುತ್ತಾಳೆ ಎಂಬ ಸಮಾಧಾನ ಬರುತ್ತಿತ್ತು. ನಾನು ಮೊಬೈಲಿನ ರೆಕಾರ್ಡಿಂಗ್ ನಿಲ್ಲಿಸಿದೆ. ಇದು ಲಂಕೆಯದಲ್ಲ, ಇತ್ತೀಚಿನದು, ನನ್ನ ನಾಟಕಕ್ಕೆ ಆಗುವುದಿಲ್ಲ ಎಂದುಕೊಂಡೆ. ಅವರು ಕಂಡರು. ಹಾಡು ಅರ್ಧಕ್ಕೆ ನಿಲ್ಲಿಸಿ, ಚಹಾ ಕುಡಿಯಿರಿ ಮಾಸ್ಟ್ರೆ ಎಂದು ಒಳಗೆ ಹೋದರು.

ಇವತ್ತು ಯೋಚಿಸಿದರೆ ನನಗೆ ನನ್ನ ಓದೂ ನೆರವಿಗೆ ಬರಲಿಲ್ಲವಲ್ಲ ಎನಿಸುತ್ತದೆ. ಲಂಕೆಯ ಎಸ್ಟೇಟಿನಲ್ಲೇ ಹುಟ್ಟಿದ, 1947ರಲ್ಲಿ ಅಲ್ಲಿನ ಪಾರ್ಲಿಮೆಂಟಿಗೂ ಆಯ್ಕೆಯಾದ ಸಿ.ವಿ. ವೇಲುಪಿಳ್ಳೈ ತಮ್ಮ ಜನರ ಹಾಡುಗಳನ್ನು ಸಂಗ್ರಹಿಸಿದರು. ಅದಕ್ಕೂ ಹಿಂದೆ 1930ರ ದಶಕದಲ್ಲಿ ಕಾರ್ಮಿಕ ನಾಯಕ ಕೆ. ನಟೇಶ ಅಯ್ಯರ್ ಮತ್ತು ಅವರ ಪತ್ನಿ ಮೀನಾಕ್ಷಿ ಅಮ್ಮಾಳ್ ತೋಟದವರ ಸಂಕಷ್ಟವನ್ನೇ ಹಾಡು ಕಟ್ಟಿ ಎಸ್ಟೇಟುಗಳಿಗೆ ತಲುಪಿಸಿದರು. ಕೂಲಿಯವರ ಮೇಲ್ವಿಚಾರಕನಾದ ಕಂಗಾಣಿಯ ಕಾಟ, ಬೆಳಗಿನ ಹಾಜರಿಗೆ ಎಬ್ಬಿಸುವ ತಪ್ಪಟೆಯ ಸದ್ದು, ಕೊಡದ ಕೂಲಿ: ಆ ಪರಂಪರೆಯ ಹಾಡುಗಳು ತಮ್ಮ ಕಾಲದ, ತಮ್ಮ ಕಣ್ಣೆದುರಿನ ಬದುಕಿನವು. ಪಯಸ್ವಿನಿಯ ಜೋಗುಳ ಅದೇ ಪರಂಪರೆಯ ಇಂದಿನ ಕುಡಿ. ನಾನು ಹಳತನ್ನು ಹುಡುಕುತ್ತ ಜೀವಂತವಾದದ್ದನ್ನು ಕೈಬಿಟ್ಟೆ.

ಕಾಲನಿಯಲ್ಲಿ ಇನ್ನೊಬ್ಬ ಹಿರಿಯರಿದ್ದರು, ನಾನು ತಾತ ಎಂದೇ ಕರೆಯುತ್ತಿದ್ದೆ. ಯೌವನದಲ್ಲಿ ಲಂಕೆಯ ತೋಟದಲ್ಲಿ ಕಾಮನ್ ಕೂತ್ತಿನ ರತಿ ಪಾತ್ರ ಮಾಡಿದವರು. ಕಾಮನ್ ಕೂತ್ತು ಲಂಕೆಯ ಗುಡ್ಡಗಾಡಿನ ಆ ತಮಿಳರ ದೊಡ್ಡ ಬಯಲಾಟ. ಮಾಸಿ ತಿಂಗಳ ಅಮಾವಾಸ್ಯೆ ಕಳೆದ ಮೇಲೆ ಕಾಮನ ಕಂಬ ನೆಡುತ್ತಾರೆ. ಹುಣ್ಣಿಮೆಯ ಹೊತ್ತಿಗೆ ರತಿ-ಮನ್ಮಥರ ಮದುವೆ, ಶಿವನ ತಪೋಭಂಗ, ಕಾಮದಹನ, ರತಿಯ ವಿಲಾಪ. ಕೊನೆಗೆ ಕಾಮ ಮತ್ತೆ ಎದ್ದು ಬರುವುದು. ಹುಬ್ಬಳ್ಳಿ-ಧಾರವಾಡದ ಕಡೆ ಹೋಳಿಗೆ ಕಾಮಣ್ಣ-ರತಿಯರನ್ನು ಕೂರಿಸುವುದೂ ಇದೇ ಕಥೆಗೆ ನಂಟು. ತಾತ ಆ ಹಾಡುಗಳನ್ನು ತಪ್ಪಟೆಯ ಪೆಟ್ಟಿನ ಸಮೇತ ನೆನಪಿನಲ್ಲಿಟ್ಟಿದ್ದರು. ವಿಲಾಪದ ಭಾಗ ಹಾಡಿ ತೋರಿಸಿದಾಗ ನನಗೆ ಮೈ ಜುಮ್ಮೆಂದಿತು. ಗಂಡನ ಬೂದಿಯ ಮುಂದೆ ಕುಳಿತ ಹೆಣ್ಣಿನ ಅಳು. ದೇಶ ಕಳಕೊಂಡವರ ಅಳುವಿಗೆ ಇದಕ್ಕಿಂತ ಬೇರೆ ಬೇಕೇ ಎಂದುಕೊಂಡೆ. ಹಡಗು ದಡ ಬಿಡುವಾಗ ರತಿಯ ವಿಲಾಪ, ಅದರ ಮೇಲೆ ಕತ್ತಲೆ, ನಾಟಕ ಮುಕ್ತಾಯ. ಅಷ್ಟೇ ಭಾಗ ಸಾಕು ತಾತ ಎಂದೆ. ಅವರು ಆಗ ಏನೂ ಹೇಳಲಿಲ್ಲ. ಅದನ್ನು ಒಪ್ಪಿಗೆ ಎಂದು ತಿಳಿದೆ.

ರಿಹರ್ಸಲ್ ಇಟ್ಟದ್ದು ಪೇಟೆಯ ಸಭಾಂಗಣದಲ್ಲಿ, ಸಂಜೆ ಏಳಕ್ಕೆ. ನಮ್ಮ ತಂಡದ ಉಳಿದವರಿಗೆಲ್ಲ ಅದೇ ಅನುಕೂಲ. ರಬ್ಬರಿನ ಹಾಲು ತಂಪು ಹೊತ್ತಿನಲ್ಲಿ ಚೆನ್ನಾಗಿ ಇಳಿಯುತ್ತದೆ. ಅದಕ್ಕೇ ಟ್ಯಾಪರುಗಳು ಬೆಳಕು ಹರಿಯುವ ಮುಂಚೆ ತಲೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗುತ್ತಾರೆ. ಒಬ್ಬೊಬ್ಬರ ಪಾಲಿಗೆ ಮುನ್ನೂರರಷ್ಟು ಮರ. ತೊಗಟೆಯನ್ನು ತೆಳುವಾಗಿ ಓರೆಯಾಗಿ ಕೆತ್ತಬೇಕು. ಆಳ ಹೋದರೆ ಮರಕ್ಕೆ ಗಾಯ, ಮೇಲಾದರೆ ಹಾಲಿಲ್ಲ. ಎಲ್ಲ ಮರ ಮುಗಿಸಿ, ಮತ್ತೆ ಅದೇ ಸುತ್ತು ಹೊಡೆದು ಹಾಲು ಒಟ್ಟುಮಾಡಿ, ತೂಕಕ್ಕೆ ಹೊತ್ತು ತಂದು ಕೊಡುವಾಗ ಮಧ್ಯಾಹ್ನ. ಇಂಥವರನ್ನು ರಾತ್ರಿ ಒಂಬತ್ತರವರೆಗೆ ನಿಲ್ಲಿಸಿಕೊಂಡೆ. ಆ ಹೊತ್ತಿಗೆ ಕಾಲನಿಯ ಕಡೆಗೆ ಬಸ್ಸಿಲ್ಲ. ಹುಡುಗ ತನ್ನ ರಿಕ್ಷಾದಲ್ಲಿ ಎಲ್ಲರನ್ನೂ ತುಂಬಿಕೊಂಡು ಹೋಗಿ ಬಿಡುತ್ತಿದ್ದ, ಬೆಳಗಿನ ಜಾವ ಮತ್ತೆ ಮರಕ್ಕೆ ಹೋಗುತ್ತಿದ್ದ. ಯಾರಾದರೂ ತಡವಾಗಿ ಬಂದರೆ ನಾನು ಶಿಸ್ತಿನ ಪಾಠ ಹೇಳುತ್ತಿದ್ದೆ.

ಅದಕ್ಕಿಂತ ಕೆಟ್ಟದ್ದನ್ನು ಬರವಣಿಗೆಯಲ್ಲೇ ಮಾಡಿದ್ದೆ. ಕಾಲನಿಯ ಪಾತ್ರಗಳಿಗೆ ತಮಿಳು ಬೆರೆತ ಒಡಕು ಕನ್ನಡ ಬರೆದಿದ್ದೆ, ಸಹಜವಾಗಿರಲಿ ಎಂದು. ಆ ಪಾತ್ರಗಳನ್ನು ಮಾಡುತ್ತಿದ್ದವರು ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು. ಪೇಟೆಯಲ್ಲಿ ತುಳು, ಗೌಡರ ಮನೆಗಳಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತಮಿಳು ಆಡುವವರು. ಇಷ್ಟು ಭಾಷೆ ನನಗೇ ಬರುವುದಿಲ್ಲ. ಒಬ್ಬಳು ಹುಡುಗಿ ಹಾಳೆ ಓದಿ, "ಸಾರ್, ನಾವು ಹೀಗೆ ಮಾತಾಡುವುದಿಲ್ಲವಲ್ಲ?" ಎಂದಳು. ನಿನ್ನ ಅಜ್ಜ ಹೀಗೆ ಮಾತಾಡುತ್ತಿದ್ದರು ತಾನೇ ಎಂದು ಉತ್ತರಿಸಿದೆ. ಮರುದಿನದಿಂದ ಅವಳು ಬರಲಿಲ್ಲ. ಅವಳಿಗೆ ಪರೀಕ್ಷೆಯಿರಬೇಕು ಎಂದು ನಾನೇ ಕಾರಣ ಹುಡುಕಿಕೊಂಡೆ.

ತಾತ ಬಾಯಿಬಿಟ್ಟದ್ದು ಕೊನೆಯ ದೃಶ್ಯದ ರಿಹರ್ಸಲಿನಲ್ಲಿ. ವಿಲಾಪ ಹಾಡಲು ಎದ್ದು ನಿಂತವರು ಹಾಡಲಿಲ್ಲ. ಮದುವೆ ಎಲ್ಲಿದೆ ಎಂದು ಕೇಳಿದರು. ಯಾವ ಮದುವೆ ಎಂದೆ. ರತಿಯ ಮದುವೆ ಎಂದರು. ಆಮೇಲೆ ನಿಧಾನವಾಗಿ, ಸಿಟ್ಟಿಲ್ಲದೆ ವಿವರಿಸಿದರು: "ಮದುವೆ ಆಗದ ರತಿ ಅಳುವುದು ಯಾರಿಗಾಗಿ ಮಾಸ್ಟ್ರೆ? ನಾವು ಮದುವೆ ಮಾಡಿ, ಊರಿಡೀ ಮುಯ್ಯಿ ಹಾಕಿ, ಆಮೇಲೆ ಅಳುವುದು. ಅತ್ತ ಮೇಲೆ ಕಾಮ ಎದ್ದು ಬರಬೇಕು. ಎಬ್ಬಿಸದೆ ಕೂತ್ತು ಬಿಟ್ಟು ಎದ್ದು ಹೋದರೆ ಊರಿಗೆ ಒಳ್ಳೆಯದಲ್ಲ." ಉತ್ಸವದಲ್ಲಿ ನಮಗೆ ಕೊಟ್ಟ ಸಮಯ ನಲವತ್ತೇ ನಿಮಿಷ, ಇದು ಕೂತ್ತು ಅಲ್ಲ, ನಾಟಕ ಎಂದೆ. ಹಾಗಾದರೆ ನಾಟಕದವರೇ ಅಳಲಿ ಎಂದು ಅವರು ತಪ್ಪಟೆಯನ್ನು ಹೆಗಲಿಗೆ ಹಾಕಿಕೊಂಡರು.

ಈ ಮಾತು ನನಗೆ ಅರ್ಥವಾಗಬೇಕಿತ್ತು. ಮಂಗಳ ಹಾಡದೆ ಆಟ ಮುಗಿಸುವ ಭಾಗವತರು ನಮ್ಮ ಜಿಲ್ಲೆಯಲ್ಲಿ ಇಲ್ಲ. ಹರಕೆಯ ಆಟದಲ್ಲಿ ಮಹಿಷಾಸುರನ ಆರ್ಭಟ ಚೆನ್ನಾಗಿದೆಯೆಂದು ಅಷ್ಟನ್ನೇ ಆಡಿಸಿ ದೇವಿಯನ್ನು ರಂಗಕ್ಕೆ ತಾರದೆ ಬಿಡಿ ಎಂದರೆ ನಾನೇ ಜಗಳಕ್ಕೆ ನಿಲ್ಲುತ್ತಿದ್ದೆ. ನಮ್ಮ ಆಟಕ್ಕೆ ಇರುವ ಕಟ್ಟುಪಾಡು ಅವರ ಆಟಕ್ಕೂ ಇದ್ದೀತೆಂದು ಹೊಳೆಯಲಿಲ್ಲ. ಅವರದು ನನಗೆ ಸಾಮಗ್ರಿಯಾಗಿ ಕಂಡಿತ್ತು, ಬೇಕಾದಷ್ಟು ಕತ್ತರಿಸಿಕೊಳ್ಳಬಹುದಾದ ಸಾಮಗ್ರಿ.

ತಾತ ಎದ್ದು ಹೋದ ಮೇಲೆ ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದರು. ಉತ್ಸವಕ್ಕೆ ಆಮಂತ್ರಣ ಪತ್ರಿಕೆ ಅಚ್ಚಾಗಿತ್ತು. ನಾಟಕ ರದ್ದೆಂದು ತಿಳಿಸಲು ಹೋದಾಗ ಸಂಘಟಕರು ಕಾರಣ ಕೇಳಿದರು. ಆಗ ನಾನು ಹೇಳಿದ ಮಾತನ್ನು ಬರೆಯುವಾಗ ಇಂದಿಗೂ ಕೈ ತಡೆಯುತ್ತದೆ. "ಅವರಲ್ಲಿ ಶಿಸ್ತಿಲ್ಲ, ನಂಬಿದ್ದೇ ತಪ್ಪಾಯಿತು" ಎಂದೆ. ಸಣ್ಣ ಊರು, ಮಾತು ಸಂಜೆಯೊಳಗೆ ಕಾಲನಿಗೆ ತಲುಪಿತು. ಹಿರಿಯರು ಕರೆದು ಕೇಳಿದ್ದು ನನ್ನನ್ನಲ್ಲ, ಆ ಹುಡುಗನನ್ನು. ನಿನ್ನ ಮಾಸ್ಟ್ರನ್ನು ಮನೆ ಮನೆಗೆ ಕರಕೊಂಡು ಬಂದವನು ನೀನು, ನಮ್ಮ ಹೆಂಗಸರ ಹಾಡು ಕೇಳಿಸಿದವನು ನೀನು, ಈಗ ಅವರು ಪೇಟೆಯಲ್ಲಿ ನಮ್ಮ ಮರ್ಯಾದೆ ತೆಗೆದರಲ್ಲ ಎಂದರಂತೆ. ಜಾತಿ ಪ್ರಮಾಣಪತ್ರದಿಂದ ಹಿಡಿದು ಎಲ್ಲದಕ್ಕೂ ಕಚೇರಿ ಕಚೇರಿ ಅಲೆದು, ನಾವು ಇಲ್ಲಿಯವರೇ ಎಂದು ಮತ್ತೆ ಮತ್ತೆ ಸಾಬೀತು ಮಾಡಬೇಕಾದ ಜನರ ಮೇಲೆ ಊರಿನ ಮಾಸ್ಟ್ರೊಬ್ಬ ಹೊರಿಸಿದ ಅಪವಾದ ಎಷ್ಟು ಭಾರವಾಗಿ ಬೀಳುತ್ತದೆಂದು ನಾನು ಯೋಚಿಸಿರಲಿಲ್ಲ. ಹುಡುಗ ನನ್ನ ಫೋನ್ ಎತ್ತುವುದನ್ನು ಬಿಟ್ಟ. ರಿಕ್ಷಾ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದ.

ನನ್ನ ಕಣ್ಣು ತೆರೆಸಿದ್ದು ದುಬೈಯಲ್ಲಿರುವ ನನ್ನ ಭಾವನ ಒಂದು ವಿಡಿಯೋ. ನಮ್ಮ ಕಡೆಯ ಅದೆಷ್ಟೋ ಮಂದಿ ದುಬೈ, ಬಹರೈನ್‌ಗಳಲ್ಲಿ ಹಗಲು ಕಚೇರಿ ಮುಗಿಸಿ ರಜೆಯ ದಿನ ತೆಂಕುತಿಟ್ಟಿನ ಹೆಜ್ಜೆ ಕಲಿಯುತ್ತಾರೆ, ಊರಿನಿಂದ ಭಾಗವತರನ್ನು ಕರೆಸಿ ಆಟ ಆಡುತ್ತಾರೆ. ಭಾವ ಆ ಸಲ ಅಭಿಮನ್ಯು. ಚಕ್ರವ್ಯೂಹದೊಳಗೆ ಧೀಂಗಿಣ ಹಾಕುತ್ತಿದ್ದ ಅವನ ಮುಖದಲ್ಲಿ ಊರು ಬಿಟ್ಟ ಸಂಕಟ ಎಳ್ಳಷ್ಟೂ ಇರಲಿಲ್ಲ; ಚೆನ್ನಾಗಿ ಕುಣಿಯಬೇಕು ಎಂಬ ಛಲ ಇತ್ತು, ಕುಣಿತದ ಖುಷಿ ಇತ್ತು. ದುಬೈಯ ಮಾಸ್ಟ್ರೊಬ್ಬ ಬಂದು, ಅಭಿಮನ್ಯು ಬೇಡ, ನೀನು ವಿಮಾನ ಹತ್ತುವಾಗ ಅತ್ತದ್ದನ್ನು ಮಾತ್ರ ಅಭಿನಯಿಸು ಎಂದಿದ್ದರೆ ಭಾವ ಏನು ಮಾಡುತ್ತಿದ್ದ? ನಾನು ಕಾಲನಿಯವರಿಂದ ಕೇಳಿದ್ದು ಅದನ್ನೇ. ಭಾವ ಸ್ವಂತ ಇಚ್ಛೆಯಿಂದ ಹೋದವನು, ಇವರನ್ನು ಎರಡು ಸರ್ಕಾರಗಳು ಎತ್ತಿ ಸಾಗಿಸಿದವು. ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಹೊಸ ನೆಲದಲ್ಲಿ ಹಾಡು-ಕುಣಿತ ಮನುಷ್ಯನಿಗೆ ಯಾಕೆ ಬೇಕಾಗುತ್ತದೆ ಎಂಬುದರಲ್ಲಿ ಇಬ್ಬರೂ ಒಂದೇ. ದುಡಿಮೆಯಾಚೆಗೆ ತಾನು ಯಾರೆಂದು ತನಗೂ ಮಕ್ಕಳಿಗೂ ತೋರಿಸಲು ಬೇಕು, ಇವತ್ತಿನ ಸಂಜೆ ಚೆನ್ನಾಗಿರಲು ಬೇಕು.

ಕಾಲನಿಗೆ ಹೋಗಿ ಕ್ಷಮೆ ಕೇಳಿದೆ. ಹುಡುಗನ ಅಪ್ಪನೆದುರು, ತಾತನೆದುರು, ನನ್ನ ತಪ್ಪಿಗೆ ಅವನನ್ನು ದೂರಬೇಡಿ ಎಂದೆ. ಸಂಘಟಕರ ಬಳಿಯೂ ಹೋಗಿ ಆಡಿದ ಮಾತನ್ನು ಹಿಂತೆಗೆದುಕೊಂಡೆ, ತಪ್ಪು ಯಾರದೆಂದು ಹೇಳಿದೆ. ತಾತ ಹೆಚ್ಚು ಮಾತಾಡಲಿಲ್ಲ. ಮಾಸಿ ಹುಣ್ಣಿಮೆಗೆ ಬನ್ನಿ, ಫೋನ್ ತೆಗೆಯಬೇಡಿ, ಕೂತು ನೋಡಿ ಎಂದರು.

ಹೋದೆ. ಆ ಹೊತ್ತಿಗೆ ರಬ್ಬರ್ ಮರ ಎಲೆ ಉದುರಿಸಿ ತಾಮ್ರಬಣ್ಣದ ಚಿಗುರು ಬಿಟ್ಟಿರುತ್ತದೆ. ಮರಕ್ಕೆ ವಿಶ್ರಾಂತಿ, ಟ್ಯಾಪಿಂಗಿಗೆ ಬಿಡುವು. ಹಾಗಾಗಿ ರಾತ್ರಿ ಎದ್ದಿರಲು ಎಲ್ಲರಿಗೂ ಪುರುಸೊತ್ತು. ಅಂಗಳದ ನಡುವೆ ಕಬ್ಬು, ಹರಳು ಗಿಡದ ಕೊಂಬೆ ಕಟ್ಟಿದ ಕಂಬ. ಉದುರಿದ ರಬ್ಬರ್ ಎಲೆಗಳನ್ನು ಗುಡ್ಡೆ ಹಾಕಿ ಬೆಂಕಿ ಕೊಟ್ಟು ಹುಡುಗರು ತಪ್ಪಟೆ ಕಾಯಿಸುತ್ತಿದ್ದರು. ಒಂದು ಬದಿ ಬೆಂಕಿಗೆ ಹಿಡಿದು, ಬೆರಳಲ್ಲಿ ತಟ್ಟಿ ಕೇಳಿ, ಮತ್ತೆ ತಿರುಗಿಸಿ ಹಿಡಿಯುತ್ತಿದ್ದರು. ಚರ್ಮ ಬಿಗಿದು ಸದ್ದು ಗಡುಸಾಗುವವರೆಗೆ ತಾತ ತಲೆ ಅಲ್ಲಾಡಿಸುತ್ತಲೇ ಇದ್ದರು, ಸಾಲದು ಎಂದು. ನನ್ನ ರಿಹರ್ಸಲಿನಲ್ಲಿ ಇದಕ್ಕೆ ಹೊತ್ತು ಕೊಟ್ಟಿರಲಿಲ್ಲ. ಸಭಾಂಗಣದಲ್ಲಿ ಬೆಂಕಿ ಹಾಕಲು ಜಾಗವೂ ಇರಲಿಲ್ಲ. ತಪ್ಪಟೆ ಸಪ್ಪೆಯಾಗಿ ಕೇಳುತ್ತದೆಂದು ನಾನು ಅದನ್ನು ಬಾರಿಸುವವರನ್ನು ದೂರಿದ್ದೆ.

ಮದುವೆಯ ಭಾಗ ಬಂದಾಗ ಆಟದವರು, ನೋಡುವವರು ಎಂಬ ಭೇದ ಹೋಯಿತು. ರತಿಯಾಗಿದ್ದ ಹುಡುಗನಿಗೆ ಉಡಿಸಿದ ಸೀರೆ ಯಾರದೋ ಮದುವೆಯ ರೇಶ್ಮೆ. ಮುಯ್ಯಿ ಕೊಟ್ಟವರ ಹೆಸರು ಕೂಗಿ ಹೇಳುತ್ತಿದ್ದರು. ಹತ್ತು ರೂಪಾಯಿ ಕೊಟ್ಟವರಿಗೂ ಅದೇ ಗತ್ತು. ಕೋಮಾಳಿಯಾಗಿ, ಅಂದರೆ ಹಾಸ್ಯಗಾರನಾಗಿ ಬಂದವನು ನನ್ನ ಹಳೆಯ ವಿದ್ಯಾರ್ಥಿ, ರಿಕ್ಷಾದ ಹುಡುಗ. ಅವನು ತಮಿಳಿನಲ್ಲಿ ಶುರುಮಾಡಿ ತುಳುವಿಗೆ ಹೊರಳಿದ. ಬಸ್ಸಿನ ಕಂಡಕ್ಟರು, ರೇಶನ್ ಅಂಗಡಿಯ ಸಾಲು, ಮಳೆಗಾಲದ ಜಿಗಣೆ ಎಲ್ಲವೂ ಶಿವನ ತಪಸ್ಸಿನ ನಡುವೆ ಬಂದು ಹೋದವು. ನೋಡಲು ಬಂದಿದ್ದ ಸುತ್ತಲಿನ ತುಳು ಮಾತಿನ ಮನೆಗಳವರು ಬಿದ್ದು ಬಿದ್ದು ನಕ್ಕರು. ಲಂಕೆಯ ತೋಟದಲ್ಲಿ ಈ ಕೋಮಾಳಿ ತುಳು ಆಡಿರಲು ಸಾಧ್ಯವಿಲ್ಲ. ಇದು ಸುಳ್ಯದ ಮಣ್ಣಿನಲ್ಲಿ ಹುಟ್ಟಿದ ಕಾಮನ್ ಕೂತ್ತು. ಅಷ್ಟೆಲ್ಲ ನಕ್ಕ ಮೇಲೆ ಕಾಮ ಸುಟ್ಟುಹೋದಾಗ, ರತಿ ಅತ್ತಾಗ, ಆ ಅಳು ನಾನು ಸಭಾಂಗಣದಲ್ಲಿ ಬಯಸಿದ್ದಕ್ಕಿಂತ ಎಷ್ಟೋ ಪಾಲು ಆಳವಾಗಿ ತಾಗಿತು. ಮದುವೆಗೆ ಮುಯ್ಯಿ ಹಾಕಿದವರಲ್ಲಿ ನಾನೂ ಒಬ್ಬನಾಗಿದ್ದೆ. ಕಾಮನನ್ನು ಎಬ್ಬಿಸುವ ದಿನವೂ ಹೋಗಿದ್ದೆ.

ಈ ಸೋಲಿನಿಂದ ನಾನು ಕಲಿತದ್ದು ನಾಟಕದ ತಂತ್ರವಲ್ಲ. ಬೇರೆ ದೇಶದಿಂದ ಬಂದವರನ್ನು ಕಂಡ ಕೂಡಲೇ ನಾವು ಅವರ ಬದುಕಿನ ಒಂದೇ ದಿನಕ್ಕೆ ಕೈ ಹಾಕುತ್ತೇವೆ, ಹೊರಟ ದಿನಕ್ಕೆ. ಆ ದಿನದಿಂದೀಚೆಗೆ ಅವರು ಮಕ್ಕಳನ್ನು ಹೆತ್ತಿದ್ದಾರೆ, ಭಾಷೆಗಳನ್ನು ಕಲಿತಿದ್ದಾರೆ, ಹಾಡು ಕಟ್ಟಿದ್ದಾರೆ, ಹಳೆಯ ಆಟಕ್ಕೆ ಹೊಸ ಕೋಮಾಳಿಯನ್ನು ತಂದಿದ್ದಾರೆ. ಅವರ ನೋವನ್ನು ಹೇಳಬಾರದೆಂದಲ್ಲ. 1948ರಿಂದ ಅವರು ದೇಶವೇ ಇಲ್ಲದೆ ಕಳೆದ ವರ್ಷಗಳನ್ನು ನಮ್ಮ ಮಕ್ಕಳು ಓದಲೇಬೇಕು. ಆದರೆ ನೋವನ್ನಷ್ಟೇ ಕಿತ್ತು ತಂದು ವೇದಿಕೆಗೆ ಹಾಕಿದರೆ ನಾವು ಅವರನ್ನು ಮತ್ತೊಮ್ಮೆ ಹಡಗಿಗೆ ಹತ್ತಿಸಿದಂತೆ. ಕೋಟದಿಂದ ಬಂದು ಪುತ್ತೂರಿನಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು ಯಕ್ಷಗಾನದ ಬಗ್ಗೆ ಬರೆಯುವ ಮುಂಚೆ ಊರೂರು ತಿರುಗಿ ಆಟ ನೋಡಿದವರು, ಕುಣಿತ ಕಲಿತವರು. ಅವರ ಬಾಲವನ ಇರುವ ಸೀಮೆಯಲ್ಲೇ ಬೆಳೆದ ನನಗೆ ಈ ಪಾಠ ಇಷ್ಟು ತಡವಾಗಿ ತಲೆಗೆ ಹೋಯಿತು.

ಈಗ ನಾನು ನಡೆಯುವ ರೀತಿ ಬೇರೆ. ಯಾರ ಆಟವನ್ನು ನಾನು ಪೂರ್ತಿ ಕೂತು ನೋಡಿಲ್ಲವೋ ಅವರನ್ನು ನನ್ನ ವೇದಿಕೆಗೆ ಕರೆಯುವುದಿಲ್ಲ. ಅಭ್ಯಾಸ ಮಾಡುವುದಾದರೆ ಅವರ ಅಂಗಳದಲ್ಲಿ, ಅವರ ಕೆಲಸದ ಹೊತ್ತಿಗೆ ಹೊಂದಿಸಿ. ಆಟ ಎಲ್ಲಿ ಮುಗಿಯಬೇಕೆಂದು ತೀರ್ಮಾನಿಸುವ ಹಕ್ಕು ಅವರದು. ವೇದಿಕೆಯ ಸಮಯ ಸಾಲದಿದ್ದರೆ ಸಮಯವನ್ನು ಹೆಚ್ಚಿಸಬೇಕು, ಆಟವನ್ನು ಕತ್ತರಿಸಬಾರದು. ಪಾಟಿಯ ಬಳಿ ಮತ್ತೆ ಹೋಗಿ ಆ ಜೋಗುಳವನ್ನು ಪೂರ್ತಿ ಹಾಡಿಸಿಕೊಂಡು ಕೇಳಿದ್ದೇನೆ. ಅವರ ಒಪ್ಪಿಗೆಯಿಂದ ಮೊಮ್ಮಗಳೇ ಅದನ್ನು ತಮಿಳಿನಲ್ಲೂ ಕನ್ನಡ ಲಿಪಿಯಲ್ಲೂ ಬರೆದಿಟ್ಟಿದ್ದಾಳೆ. ಆ ಪುಸ್ತಕ ಇರುವುದು ಅವರ ಮನೆಯಲ್ಲಿ, ನನ್ನ ಬಳಿ ಅಲ್ಲ. ಹುಡುಗ ಮಾತಾಡುತ್ತಾನೆ, ಮೊದಲಿನ ಸಲಿಗೆ ಇನ್ನೂ ಬಂದಿಲ್ಲ. ಅದನ್ನು ಕೇಳಿ ಪಡೆಯುವಂತಿಲ್ಲ, ನಾನು ಗಳಿಸಬೇಕು.

ಇವತ್ತು ನಮ್ಮ ತೋಟಗಳಲ್ಲಿ, ಹೋಟೆಲುಗಳಲ್ಲಿ, ಮನೆ ಕಟ್ಟುವಲ್ಲಿ ಅಸ್ಸಾಂ, ಒಡಿಶಾ, ಜಾರ್ಖಂಡ್‌ನ ಮಕ್ಕಳು ದುಡಿಯುತ್ತಿದ್ದಾರೆ. ನಮ್ಮ ಮಕ್ಕಳು ಬೆಂಗಳೂರು, ಕೊಲ್ಲಿ, ಅಮೆರಿಕಗಳಲ್ಲಿ ದುಡಿಯುತ್ತಿದ್ದಾರೆ. ಮುಂದಿನ ಸಲ ಜಾತ್ರೆಯ ಸಮಿತಿಯಲ್ಲೋ ಯುವಕ ಮಂಡಲದ ಸಭೆಯಲ್ಲೋ ಹೊರಗಿನಿಂದ ಬಂದವರದ್ದೂ ಒಂದು ಕಾರ್ಯಕ್ರಮ ಇರಲಿ ಎಂಬ ಮಾತು ಬಂದರೆ, ಆಮಂತ್ರಣಕ್ಕೆ ಹೆಸರು ಬರೆಯುವ ಮುಂಚೆ ಸಮಿತಿಯವರು ಎದ್ದು ಅವರ ಬಿಡಾರದ ಕಡೆ ಹೋಗಿ. ಅವರು ಈ ವರ್ಷ ಏನು ಹಾಡುತ್ತಿದ್ದಾರೆ, ಏನು ಆಡುತ್ತಿದ್ದಾರೆ ಎಂದು ಕೇಳಿ. ಕರೆದರೆ ಕೂತು ಕೊನೆಯವರೆಗೆ ನೋಡಿ, ಮುಯ್ಯಿ ಹಾಕಿ. ಆಮೇಲೂ ಅವರು ನಿಮ್ಮ ವೇದಿಕೆಗೆ ಬರುತ್ತೇವೆ ಎಂದರೆ, ಇಡೀ ರಾತ್ರಿ ಬಿಟ್ಟುಕೊಡಿ.